ಮೂರು ಸಲ ಕೂಗಬೇಕಾದ ಮಾತು

ತಂತಿ ಭಾಷೆಯ ಕಾಲದಲ್ಲಿ ಆಪತ್ತಿಗೆ ಇದ್ದದ್ದು ಎಸ್‌ಓಎಸ್. ಮೂರು ಚುಕ್ಕಿ, ಮೂರು ಗೆರೆ, ಮತ್ತೆ ಮೂರು ಚುಕ್ಕಿ. 1906ರಲ್ಲಿ ಬರ್ಲಿನ್‌ನಲ್ಲಿ ಸೇರಿದ್ದ ದೇಶಗಳು ಇದನ್ನು ಒಪ್ಪಿಕೊಂಡವು. ಹಡಗಿನಲ್ಲಿ ಕೀಲಿ ಕುಟ್ಟುವುದಕ್ಕೆಂದೇ ಒಬ್ಬ ಆಪರೇಟರ್ ಇರುತ್ತಿದ್ದ, ಅಲ್ಲಿಗೆ ಅದು ಸರಿಹೋಯ್ತು. ಆದರೆ ಒಬ್ಬನೇ ಕೂತು ಪುಟ್ಟ ವಿಮಾನ ಓಡಿಸುವವನ ಕಥೆ? ಇಂಜಿನ್ ಕೆಮ್ಮುತ್ತಿದೆ, ಒಂದು ಕೈಯಲ್ಲಿ ಹಿಡಿಕೆ, ಕಣ್ಣು ಕೆಳಗಿನ ಹೊಲ ಹುಡುಕುತ್ತಿದೆ. ಅಂಥ ಹೊತ್ತಲ್ಲಿ ಚುಕ್ಕಿ ಗೆರೆ ಎಣಿಸುತ್ತಾ ಕೂರಲಾದೀತೆ?

ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ವಿಮಾನದೊಳಗೆ ಮಾತಾಡುವ ರೇಡಿಯೋ ಬಂದಿತ್ತು. ಹಾಗಿದ್ದರೆ ಬಾಯಲ್ಲೇ 'ಎಸ್‌ಓಎಸ್' ಎಂದರಾಯಿತಲ್ಲ ಎನ್ನಬಹುದು. ಆಗಲಿಲ್ಲ. ಆ ಕಾಲದ ರೇಡಿಯೋದ ಗರಗರ ಸದ್ದಿನಲ್ಲಿ 'ಎಸ್' ಎಂಬ ಅಕ್ಷರ ಸರಿಯಾಗಿ ಕೇಳುತ್ತಲೇ ಇರಲಿಲ್ಲ. ಲಂಡನ್ನಿನ ಕ್ರಾಯ್ಡನ್ ವಿಮಾನ ನಿಲ್ದಾಣದಲ್ಲಿ ಹಿರಿಯ ರೇಡಿಯೋ ಅಧಿಕಾರಿಯಾಗಿದ್ದವರು ಫ್ರೆಡರಿಕ್ ಸ್ಟಾನ್ಲಿ ಮಾಕ್‌ಫರ್ಡ್. ಸುಲಭವಾಗಿ ಕೇಳುವ, ಎಲ್ಲರಿಗೂ ತಿಳಿಯುವ ಒಂದು ಆಪತ್ತಿನ ಪದ ಹುಡುಕಿ ಎಂದು ಅವರಿಗೆ ಹೇಳಲಾಯಿತು. ಕ್ರಾಯ್ಡನ್ನಿನಿಂದ ಹಾರುತ್ತಿದ್ದ ವಿಮಾನಗಳಲ್ಲಿ ಬಹುಪಾಲು ಹೋಗುತ್ತಿದ್ದದ್ದು ಪ್ಯಾರಿಸ್ಸಿನ ಲ ಬೂರ್ಜೆ ನಿಲ್ದಾಣಕ್ಕೆ. ಹಾಗಾಗಿ ಅವರು ಆರಿಸಿದ ಪದ 'ಮೇಡೇ'. 'ನನಗೆ ನೆರವಾಗಿ' ಎಂಬ ಅರ್ಥದ ಫ್ರೆಂಚ್ ಮಾತನ್ನು ಇಂಗ್ಲಿಷ್ ಕಿವಿಯಲ್ಲಿ ಕೇಳಿದರೆ ಹಾಗೇ ಕೇಳಿಸುತ್ತದೆ. ಮೇ ತಿಂಗಳಿಗೂ ಕಾರ್ಮಿಕರ ದಿನಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು 1923ರ ಸುಮಾರಿನ ಮಾತು. 1927ರಲ್ಲಿ ವಾಷಿಂಗ್ಟನ್ನಿನ ಅಂತಾರಾಷ್ಟ್ರೀಯ ರೇಡಿಯೋ ಒಪ್ಪಂದ ಈ ಪದಕ್ಕೆ ಮುದ್ರೆ ಒತ್ತಿತು.

ಇದನ್ನು ಮೂರು ಸಲ ಹೇಳಬೇಕು: ಮೇಡೇ, ಮೇಡೇ, ಮೇಡೇ. ಒಂದೇ ಸಲ ಹೇಳಿದರೆ ಬೇರೆ ಮಾತಿನ ನಡುವೆ ಕಳೆದುಹೋಗಬಹುದು, ಅಥವಾ ಯಾರೋ ಮೇಡೇ ಬಗ್ಗೆ ಮಾತಾಡುತ್ತಿದ್ದಾರೆ ಅನ್ನಿಸಬಹುದು. ಆಮೇಲೆ ವಿಮಾನದ ಹೆಸರು, ಏನಾಗಿದೆ, ಏನು ಮಾಡಲಿದ್ದೇನೆ, ಎಲ್ಲಿದ್ದೇನೆ, ಎಷ್ಟು ಎತ್ತರ, ಒಳಗೆ ಎಷ್ಟು ಜನ. ಮಾತಾಡುತ್ತಿದ್ದ ಟವರ್ ಸಿಗದಿದ್ದರೆ 121.5 ಮೆಗಾಹರ್ಟ್ಸ್. ಜೊತೆಗೆ ಟ್ರಾನ್ಸ್‌ಪಾಂಡರ್ ಎಂಬ ಪೆಟ್ಟಿಗೆಯಲ್ಲಿ 7700 ಒತ್ತಿದರೆ ರೇಡಾರ್ ಪರದೆಯ ಮುಂದೆ ಕೂತವರಿಗೆ ಆ ಚುಕ್ಕಿ ಬೇರೆಯಾಗಿ ಕಾಣುತ್ತದೆ. ರೇಡಿಯೋವೇ ಕೆಟ್ಟಿದ್ದರೆ 7600. ಜೀವಕ್ಕೆ ತಕ್ಷಣದ ಅಪಾಯವಿಲ್ಲ, ಆದರೂ ತೊಂದರೆಯಲ್ಲಿದ್ದೇನೆ ಎನ್ನುವವರಿಗೆ ಒಂದು ಮೆಟ್ಟಿಲು ಕೆಳಗಿನ ಪದವಿದೆ, 'ಪ್ಯಾನ್ ಪ್ಯಾನ್'. ನಮ್ಮಲ್ಲೂ ಪೈಲಟ್ ಆಗಬೇಕಾದವರು, ಜಕ್ಕೂರಿನಲ್ಲಿ ಕಲಿಯುವವರೂ ಸೇರಿ, ರೇಡಿಯೋ ಟೆಲಿಫೋನಿಯ ಪರೀಕ್ಷೆಯನ್ನು ಬೇರೆಯಾಗಿಯೇ ಪಾಸು ಮಾಡಬೇಕು. ಈ ಕೂಗೂ ಅದರಲ್ಲೊಂದು ಪಾಠ.

ಇದು ಬಾಯಿಪಾಠ ಮಾಡುವಷ್ಟು ಸುಲಭ. ಕಷ್ಟ ಇರುವುದು ಹೇಳುವುದರಲ್ಲಿ. 1990ರ ಜನವರಿ 25ರ ರಾತ್ರಿ ಕೊಲಂಬಿಯಾದಿಂದ ನ್ಯೂಯಾರ್ಕಿಗೆ ಬಂದ ಏವಿಯಾಂಕಾ 52 ಖಾಸಗಿ ವಿಮಾನವಲ್ಲ, ದೊಡ್ಡ ಬೋಯಿಂಗ್ 707. ಆದರೂ ಸಣ್ಣ ವಿಮಾನದ ಪೈಲಟ್‌ಗಳಿಗೆ ಪಾಠ ಹೇಳುವವರು ಇವತ್ತಿಗೂ ಅದರ ಕಥೆ ಬಿಡುವುದಿಲ್ಲ. ಹವಾಮಾನ ಕೆಟ್ಟು ಆ ವಿಮಾನವನ್ನು ಮೂರು ಕಡೆ ಸೇರಿ ಒಂದೂಕಾಲು ಗಂಟೆಗೂ ಹೆಚ್ಚು ಸುತ್ತು ಹಾಕಿಸಿದರು. ಇಂಧನ ತಳ ಕಂಡಿತ್ತು. ಆದ್ಯತೆ ಕೊಡಿ ಎಂದು ಸಹಪೈಲಟ್ ಕೇಳಿದರು, ಇಂಧನ ಮುಗಿಯುತ್ತಿದೆ ಎಂದೂ ಹೇಳಿದರು. 'ಎಮರ್ಜೆನ್ಸಿ' ಎನ್ನಲಿಲ್ಲ, 'ಮೇಡೇ' ಎನ್ನಲಿಲ್ಲ. ಆ ರಾತ್ರಿ ಕಾದು ಕಾದು ಬೇಸತ್ತ ಎಷ್ಟೋ ವಿಮಾನಗಳ ಗೊಣಗಾಟದಲ್ಲಿ ಇದೂ ಒಂದಾಯಿತು. ಮೊದಲ ಸಲ ಇಳಿಯಲಾಗದೆ ಮೇಲೆದ್ದ ವಿಮಾನ ಮತ್ತೆ ತಿರುಗಿ ಬರುವಷ್ಟರಲ್ಲಿ ಇಂಜಿನ್‌ಗಳು ಒಂದೊಂದಾಗಿ ಆರಿದವು. 158 ಜನರಲ್ಲಿ 73 ಮಂದಿ ಸತ್ತರು. ಅಳದ ಮಗುವಿಗೆ ತಾಯಿಯೂ ಹಾಲು ಕೊಡುವುದಿಲ್ಲ ಅಂತೀವಲ್ಲ, ಇಲ್ಲಿ ಮಗು ಅತ್ತಿತ್ತು, ಆದರೆ ತೀರಾ ಮೆಲ್ಲಗೆ. ತನ್ನದಲ್ಲದ ಭಾಷೆಯಲ್ಲಿ ದೊಡ್ಡವರ ಮುಂದೆ ನಿಂತು ಮಾತಾಡಿದವರಿಗೆ ಆ ಸಹಪೈಲಟ್‌ನ ದನಿ ಅರ್ಥವಾಗುತ್ತದೆ. ಟವರ್‌ನವರೂ ಇನ್ನೊಂದು ಪ್ರಶ್ನೆ ಕೇಳಬಹುದಿತ್ತು ಎಂದೇ ನನಗನ್ನಿಸುವುದು.

ಇನ್ನು ಕೂಗಲು ಹೊತ್ತೇ ಸಿಗದವರು. 1967ರ ಮಾರ್ಚ್‌ನಲ್ಲಿ ಅಮೆರಿಕದ ಒರೆಗಾನ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋ ಕಡೆಗೆ ಒಂದು ಕುಟುಂಬ ತಮ್ಮದೇ ಸೆಸ್ನಾದಲ್ಲಿ ಹೊರಟಿತು. ಗಂಡ, ಹೆಂಡತಿ, ಹದಿಹರೆಯದ ಮಗಳು. ಕ್ಯಾಲಿಫೋರ್ನಿಯಾದ ಉತ್ತರದ ಬೆಟ್ಟಗಳಲ್ಲಿ ವಿಮಾನ ಬಿತ್ತು. ಮೂವರೂ ಬದುಕಿದ್ದರು. ಹುಡುಕಾಟ ನಡೆಯಿತು, ಆದರೆ ಹಿಮದಲ್ಲಿ, ಅಷ್ಟು ದೊಡ್ಡ ಕಾಡಿನಲ್ಲಿ ಒಂದು ಪುಟ್ಟ ವಿಮಾನ ಯಾರ ಕಣ್ಣಿಗೂ ಬೀಳಲಿಲ್ಲ. ಗಾಯಗೊಂಡಿದ್ದ ಗಂಡ ನೆರವು ತರುತ್ತೇನೆಂದು ಹೋದವನು ವಾಪಸು ಬರಲಿಲ್ಲ. ತಾಯಿ ಮಗಳು ಮುರಿದ ವಿಮಾನದಲ್ಲೇ ಉಳಿದರು. ಹುಡುಗಿ ದಿನಚರಿ ಬರೆದಳು. ಅದು ಸುಮಾರು ಎರಡು ತಿಂಗಳು ಸಾಗುತ್ತದೆ. ಹುಡುಕುವವರು ಇನ್ನೂ ಬರಲಿಲ್ಲವೆಂಬ ಸಿಟ್ಟೂ ಅದರಲ್ಲಿದೆ. ಅಕ್ಟೋಬರ್‌ನಲ್ಲಿ ಜಿಂಕೆ ಬೇಟೆಗೆ ಹೋದವರಿಗೆ ಆ ವಿಮಾನವೂ ದಿನಚರಿಯೂ ಸಿಕ್ಕವು.

ಆ ದಿನಚರಿ ಅಮೆರಿಕದ ಪತ್ರಿಕೆಗಳಲ್ಲಿ ಬಂತು. 1970ರ ಕೊನೆಯಲ್ಲಿ ಹೆಚ್ಚಿನ ಖಾಸಗಿ ವಿಮಾನಗಳಲ್ಲಿ ಆಪತ್ತಿನ ಸಂಕೇತ ಕಳಿಸುವ ಪೆಟ್ಟಿಗೆ ಇರಲೇಬೇಕೆಂಬ ಕಾನೂನಾಯಿತು. ವಿಮಾನ ನೆಲಕ್ಕೆ ಅಪ್ಪಳಿಸಿದ ಪೆಟ್ಟಿಗೆ ತಾನೇ ಚಾಲೂ ಆಗಿ, ಬ್ಯಾಟರಿ ಇರುವವರೆಗೆ ಕೂಗುತ್ತಿರುವ ಯಂತ್ರವದು. ಕಾನೂನು ಪೂರ್ತಿ ಜಾರಿಗೆ ಬರುವ ಮುಂಚೆಯೇ, 1972ರ ಅಕ್ಟೋಬರ್‌ನಲ್ಲಿ, ಅಲಾಸ್ಕಾದಲ್ಲಿ ಸಂಸದರಾದ ಹೇಲ್ ಬಾಗ್ಸ್ ಮತ್ತು ನಿಕ್ ಬೆಗಿಚ್ ಇದ್ದ ಸೆಸ್ನಾ ಕಾಣೆಯಾಯಿತು. 39 ದಿನ ಹುಡುಕಿದರು. ಯಾವ ಸಂಕೇತವೂ ಬರಲಿಲ್ಲ, ಇವತ್ತಿಗೂ ಆ ವಿಮಾನ ಸಿಕ್ಕಿಲ್ಲ.

ಪೆಟ್ಟಿಗೆ ಬಂದ ಮೇಲೂ ತೊಂದರೆ ಮುಗಿಯಲಿಲ್ಲ. ಒರಟಾಗಿ ನೆಲ ಮುಟ್ಟಿದರೂ ಅದು ಕೂಗುತ್ತಿತ್ತು, ರಿಪೇರಿಗೆ ಬಿಚ್ಚಿದರೂ ಕೂಗುತ್ತಿತ್ತು. ನೂರರಲ್ಲಿ 90ಕ್ಕಿಂತ ಹೆಚ್ಚು ಕೂಗು ಸುಳ್ಳು. ತೋಳ ಬಂತು ತೋಳ ಕಥೆಯೇ. ಜೊತೆಗೆ 121.5ರ ಸದ್ದು ಕೇಳಬೇಕಾದರೆ ಹತ್ತಿರದಲ್ಲಿ ಯಾರಾದರೂ ಹಾರುತ್ತಿರಬೇಕು. ಅದಕ್ಕೆ ಉತ್ತರವಾಗಿ ಬಂದದ್ದು ಕಾಸ್ಪಾಸ್-ಸಾರ್ಸಾಟ್. ಶೀತಲ ಸಮರ ಬಿಗಿಯಾಗಿದ್ದ ಕಾಲದಲ್ಲೇ ಸೋವಿಯತ್ ಒಕ್ಕೂಟ, ಅಮೆರಿಕ, ಕೆನಡಾ, ಫ್ರಾನ್ಸ್ ಸೇರಿ ಆಪತ್ತಿನ ಕೂಗು ಆಲಿಸಲು ಉಪಗ್ರಹಗಳನ್ನು ಬಳಸಿದವು. 1982ರ ಜೂನ್‌ನಲ್ಲಿ ಮೊದಲ ಸೋವಿಯತ್ ಉಪಗ್ರಹ ಹಾರಿತು. ಸೆಪ್ಟೆಂಬರ್‌ನಲ್ಲೇ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಬಿದ್ದ ಸಣ್ಣ ವಿಮಾನದ ಮೂವರು ಅದರಿಂದ ಬದುಕಿದರು. ಅವರು ಹೊರಟಿದ್ದದ್ದೂ ಕಾಣೆಯಾದ ಇನ್ನೊಂದು ವಿಮಾನ ಹುಡುಕಲು.

2009ರ ಫೆಬ್ರವರಿ 1ರಿಂದ ಉಪಗ್ರಹಗಳು 121.5 ಆಲಿಸುವುದನ್ನು ನಿಲ್ಲಿಸಿವೆ. ಈಗ ಅವು ಕೇಳುವುದು 406 ಮೆಗಾಹರ್ಟ್ಸ್. ಹಳೆಯ ಪೆಟ್ಟಿಗೆ ಬರೀ ಕೂಗುತ್ತಿತ್ತು, ಇದು ಯಾರು ಕೂಗುತ್ತಿದ್ದಾರೆಂದೂ ಹೇಳುತ್ತದೆ, ಪ್ರತಿ ಯಂತ್ರಕ್ಕೂ ಅದರದೇ ಗುರುತು ಸಂಖ್ಯೆ ಇರುತ್ತದೆ. 1992ರ ಇನ್ಸಾಟ್-2ಎ ಉಪಗ್ರಹದಲ್ಲೂ ಈ ಸಂಕೇತ ಹಿಡಿಯುವ ಉಪಕರಣವಿತ್ತು. ಭಾರತದ ಪಾಲಿನ ಕಂಟ್ರೋಲ್ ಕೇಂದ್ರ ಇರುವುದು ಬೆಂಗಳೂರಿನಲ್ಲಿ, ಪೀಣ್ಯದ ಇಸ್ರೋ ಇಸ್ಟ್ರಾಕ್ ಆವರಣದಲ್ಲಿ. ಫ್ಯಾಕ್ಟರಿಗಳ ನಡುವಿನ ಆ ಕಟ್ಟಡಕ್ಕೆ ಬಂದ ಸಂಕೇತ ಅಲ್ಲಿಂದ ರಕ್ಷಣಾ ಸಮನ್ವಯ ಕೇಂದ್ರಗಳಿಗೆ ಹೋಗುತ್ತದೆ. ಹೆಲಿಕಾಪ್ಟರ್ ಏಳುವ ಮುಂಚೆ ಸಾಮಾನ್ಯವಾಗಿ ಆಗುವ ಕೆಲಸ, ಆ ಗುರುತು ಸಂಖ್ಯೆಯ ಎದುರು ಮಾಲೀಕರು ಬರೆಸಿಟ್ಟ ಫೋನ್ ನಂಬರಿಗೆ ಒಂದು ಕರೆ: ನಿಮ್ಮ ವಿಮಾನ ಎಲ್ಲಿದೆ?