ಫೈರ್‌ವಾಲ್‌ಗಳಲ್ಲಿ ಪ್ಯಾಕೆಟ್ ಸೋಸುವ ವೇಗ

ಜಾಲದ ಬಾಗಿಲಿಗೆ ಬರುವ ಪ್ರತಿ ಪ್ಯಾಕೆಟ್‌ನ ವಿಳಾಸ, ಪೋರ್ಟ್, ಪ್ರೋಟೊಕಾಲ್ ನೋಡಿ ಬಿಡಬೇಕೋ ತಡೆಯಬೇಕೋ ಎಂದು ಫೈರ್‌ವಾಲ್ ತೀರ್ಮಾನಿಸುತ್ತದೆ. ಅದಕ್ಕೆ ಸಿಗುವ ಸಮಯ ಬಲು ಕಡಿಮೆ. 10 ಗಿಗಾಬಿಟ್ ಈಥರ್‌ನೆಟ್‌ನಲ್ಲಿ 64 ಬೈಟ್‌ಗಳ ಪ್ಯಾಕೆಟ್‌ಗಳು ಒಂದರ ಹಿಂದೊಂದು ಬಂದರೆ ಸೆಕೆಂಡಿಗೆ ಸುಮಾರು 1.488 ಕೋಟಿ, ಒಂದೊಂದಕ್ಕೆ ದಕ್ಕುವುದು 67 ನ್ಯಾನೊಸೆಕೆಂಡ್. ಮೆಮೊರಿಯಿಂದ ಒಮ್ಮೆ ಮಾಹಿತಿ ತರುವಷ್ಟರಲ್ಲೇ ಅದು ಮುಗಿದುಹೋಗಬಹುದು.

ಸರಳ ಪದ್ಧತಿಯಲ್ಲಿ ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ಹೋಲಿಸುತ್ತ, ಮೊದಲು ಹೊಂದಿದ್ದನ್ನು ಜಾರಿ ಮಾಡುತ್ತಾರೆ. ಡಿಎನ್‌ಎಸ್ ಅನುಮತಿ 900ನೇ ಸಾಲಿನಲ್ಲಿದ್ದರೆ ಪ್ರತಿ ವಿಚಾರಣೆಗೂ 899 ಹೋಲಿಕೆ ವ್ಯರ್ಥ. ಹೆಚ್ಚು ಬಳಕೆಯ ನಿಯಮವನ್ನು ಮೇಲಕ್ಕೆ ತರುವುದೇ ಖರ್ಚಿಲ್ಲದ ಮದ್ದು. ಆದರೆ ಅದೇ ಪ್ಯಾಕೆಟ್‌ಗೆ ಅನ್ವಯಿಸುವ ತಡೆ ನಿಯಮವನ್ನು ದಾಟಿ ಅದು ಮೇಲೇರಿದರೆ ಆ ತಡೆ ಇದ್ದೂ ಇಲ್ಲದಂತೆ. ಈ ತಪ್ಪು ನಿಧಾನಗತಿಗಿಂತ ಅಪಾಯಕಾರಿ. ಈಗಾಗಲೇ ಒಪ್ಪಿದ ಸಂಪರ್ಕಗಳನ್ನು ಹ್ಯಾಶ್ ಕೋಷ್ಟಕದಲ್ಲಿಟ್ಟರೆ ಮುಂದಿನ ಪ್ಯಾಕೆಟ್‌ಗಳಿಗೆ ಪಟ್ಟಿಯ ಗೊಡವೆಯೇ ಇರುವುದಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ಟಿ. ವಿ. ಲಕ್ಷ್ಮಣ್, ಬೆಲ್ ಲ್ಯಾಬ್ಸ್‌ನಲ್ಲಿ ಡಿಮಿಟ್ರಿಯೊಸ್ ಸ್ಟಿಲಿಯಾಡಿಸ್ ಜೊತೆಗೂಡಿ 1998ರಲ್ಲಿ ಬೇರೊಂದು ದಾರಿ ತೋರಿದರು. ಪ್ಯಾಕೆಟ್‌ನ ಒಂದೊಂದು ಅಂಶವನ್ನೂ ಏಕಕಾಲಕ್ಕೆ, ಪ್ರತ್ಯೇಕವಾಗಿ ಹುಡುಕಿದಾಗ ಹೊಂದುವ ನಿಯಮಗಳ ಗುರುತಾಗಿ 0, 1ರ ಸಾಲೊಂದು ಸಿಗುತ್ತದೆ. ಎಲ್ಲ ಸಾಲುಗಳಲ್ಲೂ 1 ಇರುವ ಮೊದಲ ಸ್ಥಾನವೇ ಉತ್ತರ. ಸೊಗಸಾದ ಉಪಾಯವಿದು. 1999ರಲ್ಲಿ ಶ್ರೀನಿವಾಸನ್, ಸೂರಿ, ವರ್ಗೀಸ್ ಮಂಡಿಸಿದ ಟ್ಯೂಪಲ್ ಸ್ಪೇಸ್ ಹುಡುಕಾಟ (ಒಂದೇ ರೂಪದ ನಿಯಮಗಳನ್ನು ಗುಂಪು ಮಾಡಿ ಹ್ಯಾಶ್ ಮೂಲಕ ಹುಡುಕುವುದು) ಓಪನ್ ವಿಸ್ವಿಚ್ ಎಂಬ ಸಾಫ್ಟ್‌ವೇರ್ ಸ್ವಿಚ್‌ನಲ್ಲಿ ಬಳಕೆಯಲ್ಲಿದೆ. ಟಿಸಿಎಎಂ ಎಂಬ ವಿಶೇಷ ಮೆಮೊರಿ ಚಿಪ್ ಎಲ್ಲ ನಿಯಮಗಳನ್ನೂ ಒಮ್ಮೆಗೇ ಹೋಲಿಸುತ್ತದೆ, ಆದರೆ ದುಬಾರಿ; ವಿದ್ಯುತ್ತನ್ನೂ ಹೆಚ್ಚು ಬೇಡುತ್ತದೆ.

ಲಿನಕ್ಸ್‌ಗೆ 2014ರಲ್ಲಿ ಪ್ಯಾಕೆಟ್ ಸೋಸುವ ಎನ್‌ಎಫ್‌ಟೇಬಲ್ಸ್, 2016ರಲ್ಲಿ ಎಕ್ಸ್‌ಡಿಪಿ ಸೇರಿದವು. ಎಕ್ಸ್‌ಡಿಪಿ ಬೇಡದ ಪ್ಯಾಕೆಟನ್ನು ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಹಂತದಲ್ಲೇ ಬಿಸಾಡುತ್ತದೆ.