ಪೈಲಟ್‌ಗಳ ನಿದ್ದೆಯ ಲೆಕ್ಕ

ಮುಂಬಯಿಯ ನಮಗೆ ವಿಮಾನವೆಂದರೆ ಈಗ ಊರಿನ ಬಸ್ಸಿನಷ್ಟೇ ಪರಿಚಿತ. ಸಾಂತಾಕ್ರೂಜ್, ವಿಲೇಪಾರ್ಲೆ ಕಡೆಯವರಿಗಂತೂ ನಡುರಾತ್ರಿಯ ಅದರ ಸದ್ದೂ ಅಭ್ಯಾಸವಾಗಿದೆ. ಆ ಹೊತ್ತಿನಲ್ಲಿ ವಿಮಾನ ನಡೆಸುವವರ ನಿದ್ದೆಯ ಲೆಕ್ಕ ಇಡುವವರು ಯಾರು? ಇದಕ್ಕೊಂದು ಚರಿತ್ರೆಯೇ ಇದೆ.

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಂಚೆ ಹೊತ್ತು ಜುಹೂವಿನಲ್ಲಿ ಇಳಿದದ್ದು ಹಗಲಿನಲ್ಲಿ. ಮುಂದೆ ವಿಮಾನಗಳಿಗೆ ರಾತ್ರಿ, ಹಗಲು ಎಂಬ ಭೇದ ಉಳಿಯಲಿಲ್ಲ. ಪೈಲಟ್‌ಗಳ ದುಡಿಮೆಗೆ ಬಹುಕಾಲ 1992ರ ನಿಯಮವೇ ಆಧಾರವಾಗಿತ್ತು. 2007ರಲ್ಲಿ ವಿಮಾನಯಾನ ನಿರ್ದೇಶನಾಲಯ ಹೊಸ ನಿಯಮ ಹೊರಡಿಸಿತು. ಆದರೆ 2008ರಲ್ಲಿ ಅದನ್ನು ತಡೆಹಿಡಿದು ಹಳೆಯದಕ್ಕೇ ಮರಳಲಾಯಿತು. ಪೈಲಟ್ ಸಂಘಟನೆಗಳು ನಮ್ಮ ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿ ಸೋತವು. 2011ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಸೋತವು.

ಈ ವ್ಯಾಜ್ಯ ನಡೆದಿರುವಾಗಲೇ ನಮ್ಮೂರಿನ ದುರಂತ ಸಂಭವಿಸಿತು. 2010ರ ಮೇ 22ರ ಮುಂಜಾನೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ದಾಟಿ ಕಮರಿಗೆ ಬಿತ್ತು. 158 ಜನ ತೀರಿಕೊಂಡರು, ಉಳಿದವರು 8 ಮಂದಿ. ಅದೇ ಸಿಬ್ಬಂದಿ ಹಿಂದಿನ ರಾತ್ರಿ ಮಂಗಳೂರಿನಿಂದ ದುಬೈಗೆ ಹೋಗಿ ಮರಳುತ್ತಿದ್ದರು. ಕ್ಯಾಪ್ಟನ್ ದಾರಿಯಲ್ಲಿ ಒಂದೂವರೆ ಗಂಟೆಗೂ ಹೆಚ್ಚು ಕಾಲ ನಿದ್ರಿಸಿದ್ದರೆಂದು ತನಿಖೆ ತಿಳಿಸಿತು. ಧ್ವನಿಮುದ್ರಣದಲ್ಲಿ ಗೊರಕೆಯ ಸದ್ದಿತ್ತು. ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರದೇ ಇದ್ದುದು ಅಪಘಾತದ ನೇರ ಕಾರಣ. ಗಾಢ ನಿದ್ದೆಯಿಂದ ಎದ್ದವರ ಮಂಕು ಅದಕ್ಕೆ ಜೊತೆಯಾಯಿತು. ಸಹಪೈಲಟ್ ಎಚ್ಚರಿಸಿದ್ದೂ ಫಲಿಸಲಿಲ್ಲ.

2011ರ ಆಗಸ್ಟ್‌ನಲ್ಲಿ ಹೊಸ ನಿಯಮ ಬಂತು. 2024ರಲ್ಲಿ ಅದನ್ನು ಮತ್ತೆ ಬಿಗಿಗೊಳಿಸಿದರು: ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ, ರಾತ್ರಿ ಪಾಳಿಯಲ್ಲಿ ಇಳಿಸಬಹುದಾದ ವಿಮಾನ 6ರಿಂದ 2ಕ್ಕೆ. ದೆಹಲಿ ಹೈಕೋರ್ಟಿನಲ್ಲಿ ವಾದ ನಡೆದು, 2025ರ ಜುಲೈ ಮತ್ತು ನವೆಂಬರ್‌ನಲ್ಲಿ ಎರಡು ಹಂತಗಳಲ್ಲಿ ಜಾರಿಗೆ ಬಂತು. ಡಿಸೆಂಬರ್‌ನಲ್ಲಿ ಇಂಡಿಗೊದ ಸಾವಿರಾರು ಹಾರಾಟಗಳು ರದ್ದಾದವು; ರಾತ್ರಿಯ ನಿಯಮದಿಂದ ಅದಕ್ಕೆ ತಾತ್ಕಾಲಿಕ ವಿನಾಯಿತಿಯೂ ಸಿಕ್ಕಿತು.

ನಸುಕಿನ ಮೂರು, ನಾಲ್ಕು ಗಂಟೆಗೆ ಕಣ್ಣು ತೆರೆದಿದ್ದರೂ ಬುದ್ಧಿ ತೂಕಡಿಸುತ್ತದೆಂಬುದು ಹಸುಗೂಸು ಸಾಕಿದ ನಮಗೆಲ್ಲ ಗೊತ್ತು. ಮನೆಯಲ್ಲಾದರೆ ಹಾಲು ಉಕ್ಕಿ ಹೋಗಬಹುದು, ಅಷ್ಟೇ. ವಿಮಾನದಲ್ಲಿ ಹಾಗಲ್ಲ. ಹಾರಾಟ ರದ್ದಾದರೆ ನಮಗೆ ತೊಂದರೆ ನಿಜ. ಆದರೆ ಆ ತೊಂದರೆ ತಪ್ಪಿಸಲು ಪೈಲಟ್‌ಗಳನ್ನು ಹೆಚ್ಚಿಸಬೇಕೇ ಹೊರತು ಅವರ ನಿದ್ದೆಯನ್ನು ಕಡಿಮೆ ಮಾಡಬಾರದು. ಊರಿನ ವಿಮಾನ ಹತ್ತುವ ನಾವು ಇದನ್ನು ಕೇಳುತ್ತಲೇ ಇರಬೇಕು.