ಅಪ್‌ಗ್ರೇಡಿಗೆ ಮುನ್ನ: ಕನ್ನಡ ಪುಟ ಕಟ್ಟುವ ಕಂಪ್ಯೂಟರುಗಳ ಕಥೆ

ಬೆಂಗಳೂರಿನ ಗಾಂಧಿ ಬಜಾರಿನ ಅಂಕಿತ ಪುಸ್ತಕದಂಥ ಮಳಿಗೆಯ ಕಪಾಟಿನಲ್ಲಿ ನಿಂತಿರುವ ಈಚಿನ ದಶಕಗಳ ಕನ್ನಡ ಪುಸ್ತಕಗಳಲ್ಲಿ ಬಹುಪಾಲು ಯಾವುದಾದರೊಂದು ಡಿ.ಟಿ.ಪಿ. ಕೇಂದ್ರದ ಕಂಪ್ಯೂಟರಿನಲ್ಲಿ ಪುಟ ಕಟ್ಟಿಸಿಕೊಂಡು ಬಂದವು. ಅಚ್ಚುಮೊಳೆ ಜೋಡಿಸುವ ಕೆಲಸ ಹಿಂದೆ ಸರಿದ ಮೇಲೆ ಆ ಹೊಣೆಯನ್ನು ಹೊತ್ತವರು ಬಸವನಗುಡಿ, ಚಾಮರಾಜಪೇಟೆಯಂಥ ಬಡಾವಣೆಗಳ ಪುಟ್ಟ ಕೋಣೆಗಳಲ್ಲಿ ಕೂತು ಟೈಪು ಮಾಡಿದವರು. ಅಂಥ ಕೋಣೆಗಳ ಮುಂದೆ ಈಗ ಅಪ್‌ಗ್ರೇಡಿನ ಪ್ರಶ್ನೆಯಿದೆ: 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ ಮುಗಿಯಿತು. ಈಗಿರುವ ಯಂತ್ರದಲ್ಲಿ ವಿಂಡೋಸ್ 11 ಕೂರುತ್ತದೆಯೇ ಎಂಬ ಪ್ರಶ್ನೆಗೆ ಕಂಪನಿಯೇ ಕೊಡುವ ‘ಪಿಸಿ ಹೆಲ್ತ್ ಚೆಕ್’ ತಂತ್ರಾಂಶ ನಿಮಿಷದೊಳಗೆ ಉತ್ತರ ಹೇಳುತ್ತದೆ. ಕನ್ನಡದ ಕೆಲಸಕ್ಕೆ ಮಾತ್ರ ಆ ಉತ್ತರ ಸಾಲದು. ಹಳೆಯ ಫೈಲು ಹೊಸ ಯಂತ್ರದಲ್ಲಿ ತೆರೆಯುತ್ತದೆಯೇ, ತೆರೆದರೆ ಅಕ್ಷರ ಸರಿಯಾಗಿ ಮೂಡುತ್ತದೆಯೇ ಎಂಬುದನ್ನು ಆ ತಂತ್ರಾಂಶ ನೋಡುವುದೇ ಇಲ್ಲ.

ಹೊಂದಾಣಿಕೆಯ ಈ ಚಿಂತೆ ಹೊಸದಲ್ಲ. 1980ರ ದಶಕದಲ್ಲಿ ಕಾನ್ಪುರದ ಐಐಟಿಯಲ್ಲಿ ಹುಟ್ಟಿ, ಮುಂದೆ ಪುಣೆಯ ಸಿ-ಡ್ಯಾಕ್ ಸಂಸ್ಥೆಯ ಕೈಗೆ ಬಂದ ಜಿಸ್ಟ್ ತಂತ್ರಜ್ಞಾನ ಭಾರತೀಯ ಲಿಪಿಗಳನ್ನು ಡಾಸ್ ಪರದೆಯ ಮೇಲೆ ಮೂಡಿಸುತ್ತಿದ್ದುದು ಒಂದು ಕಾರ್ಡಿನ ಮೂಲಕ. ಡಬ್ಬದ ಮುಚ್ಚಳ ತೆಗೆದು, ಒಳಗೆ ಐಎಸ್ಎ ಸ್ಲಾಟ್ ಖಾಲಿ ಇದೆಯೇ ಎಂದು ನೋಡಬೇಕಿತ್ತು. ಇದ್ದರೆ ಕನ್ನಡ, ಇಲ್ಲದಿದ್ದರೆ ಇಲ್ಲ. 2000ದ ಸುಮಾರಿಗೆ ಹೊಸ ಮದರ್‌ಬೋರ್ಡುಗಳಿಂದ ಆ ಸ್ಲಾಟೇ ಮಾಯವಾಗತೊಡಗಿತು. ಕಾರ್ಡು ಚೆನ್ನಾಗಿಯೇ ಇದ್ದರೂ ಅದನ್ನು ಕೂರಿಸಲು ಜಾಗವಿಲ್ಲದಂತಾಯಿತು.

ಅಷ್ಟರಲ್ಲಿ ವಿಂಡೋಸ್ ಬೇರೊಂದು ದಾರಿ ತೆರೆದಿತ್ತು. ಒಂದು ಫಾಂಟಿನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳಿಗೆಂದು ಮೀಸಲಾದ 256 ಮನೆಗಳಿದ್ದವು. ಆ ಮನೆಗಳಲ್ಲಿ ಕನ್ನಡದ ಅಕ್ಷರ, ಗುಣಿತದ ಚಿಹ್ನೆ, ಒತ್ತುಗಳ ಆಕಾರಗಳನ್ನು ತುಂಬಿಬಿಟ್ಟರೆ ಕಂಪ್ಯೂಟರು ತಾನು ಇಂಗ್ಲಿಷನ್ನೇ ತೋರಿಸುತ್ತಿದ್ದೇನೆ ಎಂದುಕೊಂಡು ಕನ್ನಡ ತೋರಿಸುತ್ತಿತ್ತು. ಕನ್ನಡದ ಕೀಲಿಮಣೆಗೆ ತರ್ಕಬದ್ಧ ವಿನ್ಯಾಸ ಕೊಟ್ಟ ಕೆ.ಪಿ. ರಾವ್ ಅವರ ‘ಸೇಡಿಯಾಪು’, ಶೇಷಾದ್ರಿ ವಾಸು 1998ರಲ್ಲಿ ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತು ಕರ್ನಾಟಕ ಸರ್ಕಾರಕ್ಕಾಗಿ ಸಿದ್ಧಪಡಿಸಿದ ‘ನುಡಿ’ ಕನ್ನಡವನ್ನು ಸಾಮಾನ್ಯರ ಮೇಜಿಗೆ ತಂದವು. ಉಚಿತವಾಗಿ ಸಿಕ್ಕ ಈ ತಂತ್ರಾಂಶಗಳ ಋಣ ಕನ್ನಡ ಪ್ರಕಾಶನದ ಮೇಲೆ ಇಂದಿಗೂ ಇದೆ.

ಉಪಾಯದಲ್ಲೇ ಒಂದು ತೊಡಕೂ ಇತ್ತು. ‘ಅಸ್ಕಿ ಫೈಲು’ ಎಂದು ಡಿ.ಟಿ.ಪಿ.ಯವರು ಕರೆಯುವ ಈ ಬಗೆಯ ಕಡತದೊಳಗೆ ನಿಜವಾದ ಕನ್ನಡವಿರಲಿಲ್ಲ, ಫಾಂಟಿನ ಮನೆ ನಂಬರುಗಳಷ್ಟೇ ಇದ್ದವು. ಒಬ್ಬ ತಯಾರಕ ‘ಕ’ ಇಟ್ಟ ಮನೆಯಲ್ಲಿ ಮತ್ತೊಬ್ಬ ‘ಳ’ದ ಒತ್ತನ್ನು ಇಟ್ಟಿರಬಹುದು. ಅದೇ ಫಾಂಟು ಇಲ್ಲದ ಯಂತ್ರಕ್ಕೆ ಫೈಲು ಹೋದರೆ ಇಡೀ ಕಾದಂಬರಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗುಡ್ಡೆಯಾಗುತ್ತಿತ್ತು. ಮಾರಾಟದ ತಂತ್ರಾಂಶಗಳಲ್ಲಿ ಕೆಲವು ಪ್ರಿಂಟರಿನ ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸುವ ‘ಲಾಕ್’ ಇಲ್ಲದೆ ಚಾಲೂ ಆಗುತ್ತಿರಲಿಲ್ಲ. ಹೊಸ ಕಂಪ್ಯೂಟರಿನ ಹಿಂಬದಿಯಲ್ಲಿ ಆ ಪೋರ್ಟು ಇಲ್ಲವೆಂದರೆ, ದುಡ್ಡು ಕೊಟ್ಟು ಕೊಂಡ ತಂತ್ರಾಂಶ ಇದ್ದೂ ಇಲ್ಲದಂತೆ.

2001ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಈ ಗಂಟನ್ನು ಬಿಡಿಸಬಹುದಿತ್ತು. ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಖಚಿತ ಸಂಖ್ಯೆ ಕೊಡುವ ಯೂನಿಕೋಡ್ ವ್ಯವಸ್ಥೆಯ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಕನ್ನಡಕ್ಕೆ ಪ್ರತ್ಯೇಕ ಸ್ಥಾನ ಸಿಕ್ಕಿತ್ತು. ಎಕ್ಸ್‌ಪಿ ‘ತುಂಗಾ’ ಫಾಂಟಿನೊಂದಿಗೆ ಯೂನಿಕೋಡ್ ಕನ್ನಡವನ್ನು ವಿಂಡೋಸಿನೊಳಕ್ಕೆ ತಂದಿತು. ಆದರೂ ಕನ್ನಡ ತಾನಾಗಿ ಬರುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಸಂಕೀರ್ಣ ಲಿಪಿಗಳ ಚೌಕಕ್ಕೆ ಗುರುತು ಹಾಕಿ, ಕೇಳಿದಾಗ ಎಕ್ಸ್‌ಪಿಯ ಸಿಡಿ ತುರುಕಬೇಕಿತ್ತು. ಯಂತ್ರದ ಬೇಡಿಕೆಯೂ ಏರಿತ್ತು: ವಿಂಡೋಸ್ 98ಕ್ಕೆ ಕನಿಷ್ಠ 16 ಎಂಬಿ ರ‍್ಯಾಮ್ ಇದ್ದರೆ ನಡೆಯುತ್ತಿತ್ತು, ಎಕ್ಸ್‌ಪಿಗೆ 64 ಎಂಬಿ ಬೇಕಾಯಿತು.

ಅಷ್ಟೆಲ್ಲ ಮಾಡಿದರೂ ಪುಸ್ತಕದ ಲೋಕ ಅಸ್ಕಿಯಲ್ಲೇ ಉಳಿಯಿತು. ಕಾರಣ ಪೇಜ್‌ಮೇಕರ್. ಪುಟ ಕಟ್ಟುವವರ ಕೈಗೆ ಒಗ್ಗಿದ್ದ ಆ ತಂತ್ರಾಂಶಕ್ಕೆ ಯೂನಿಕೋಡ್ ಕನ್ನಡ ತಿಳಿಯುತ್ತಿರಲಿಲ್ಲ. 2001ರ 7.0 ಆವೃತ್ತಿಯೇ ಅದರ ಕೊನೆಯದು. ಅದರ ಜಾಗಕ್ಕೆ ಬಂದ ಅಡೋಬಿಯ ಇನ್‌ಡಿಸೈನ್ ಭಾರತೀಯ ಲಿಪಿಗಳನ್ನು ಅಧಿಕೃತವಾಗಿ ಒಳಗೊಂಡಿದ್ದು 2012ರ ಸಿಎಸ್6ರಲ್ಲಿ. ನಡುವಿನ ಹನ್ನೊಂದು ವರ್ಷ ಕನ್ನಡದ ಪುಟ ಕಟ್ಟುವವರಿಗೆ ಮುಂದಕ್ಕೆ ಹೋಗಲು ಸರಿಯಾದ ದಾರಿಯೇ ಇರಲಿಲ್ಲ. ಅವರು ಹಳೆಯದಕ್ಕೆ ಅಂಟಿಕೊಂಡದ್ದನ್ನು ಸೋಮಾರಿತನವೆನ್ನುವುದು ಅನ್ಯಾಯ. ಅವರ ಕಾಲಕ್ಕೆ ಸಿಕ್ಕ ಸಲಕರಣೆ ಅಷ್ಟೇ ಇತ್ತು. ಆ ವರ್ಷಗಳಲ್ಲಿ ಅಸ್ಕಿಯಲ್ಲಿ ರಾಶಿ ಬಿದ್ದ ಪುಸ್ತಕಗಳ ಫೈಲುಗಳೇ ಇಂದಿನ ಪ್ರತಿ ಅಪ್‌ಗ್ರೇಡಿಗೂ ಅಡ್ಡ ನಿಲ್ಲುತ್ತಿವೆ.

2007ರ ವಿಂಡೋಸ್ ವಿಸ್ತಾದಿಂದ ಕನ್ನಡ ಮೊದಲೇ ಸಿದ್ಧವಾಗಿ ಬರತೊಡಗಿತು. ‘ಅಪ್‌ಗ್ರೇಡ್ ಅಡ್ವೈಸರ್’ ಎಂಬ ಪರೀಕ್ಷಾ ತಂತ್ರಾಂಶವನ್ನೂ ಮೈಕ್ರೋಸಾಫ್ಟ್ ಕೊಟ್ಟಿತು. ಆಮೇಲೆ ಹೆಚ್ಚು ಪೆಟ್ಟು ಕೊಟ್ಟದ್ದು 64 ಬಿಟ್ ವಿಂಡೋಸಿನ ಹರಡುವಿಕೆ. ಅದರಲ್ಲಿ 16 ಬಿಟ್ ಪ್ರೋಗ್ರಾಮುಗಳು ಓಡುವುದೇ ಇಲ್ಲ, 32 ಬಿಟ್ ಡ್ರೈವರುಗಳು ಕೂರುವುದಿಲ್ಲ. ಚೆನ್ನಾಗಿ ದುಡಿಯುತ್ತಿದ್ದ ಲೇಸರ್ ಪ್ರಿಂಟರು ಅಥವಾ ಸ್ಕ್ಯಾನರು ಡ್ರೈವರ್ ಇಲ್ಲವೆಂಬ ಒಂದೇ ಕಾರಣಕ್ಕೆ ಮೂಲೆ ಸೇರಬಹುದು.

ಆವೃತ್ತಿಯ ಹೆಸರನ್ನು ನೋಡಿದರೆ ಸಾಲದು, ಅದರೊಳಗಿನ ಸಂಖ್ಯೆಯನ್ನೂ ನೋಡಬೇಕು ಎಂಬುದಕ್ಕೆ ಕನ್ನಡದಲ್ಲೇ ಒಳ್ಳೆಯ ಉದಾಹರಣೆಯಿದೆ. ಇಂಗ್ಲಿಷ್ ಅಕ್ಷರಗಳ ಉಚ್ಚಾರಣೆ ಹಿಡಿದು ಕನ್ನಡ ಮೂಡಿಸುವ ಫೊನೆಟಿಕ್ ಕೀಲಿಮಣೆ ವಿಂಡೋಸ್ 10ರೊಳಗೆ ಸೇರಿದ್ದು 2019ರ 1903 ಆವೃತ್ತಿಯಿಂದ. ಅದಕ್ಕಿಂತ ಹಿಂದಿನ ಆವೃತ್ತಿಯ ಹೆಸರೂ ವಿಂಡೋಸ್ 10 ಎಂದೇ, ಆದರೆ ಹುಡುಕಿದರೂ ಆ ಕೀಲಿಮಣೆ ಸಿಗದು. ರನ್ ಪೆಟ್ಟಿಗೆಯಲ್ಲಿ ‘ವಿನ್‌ವರ್’ ಎಂದು ಇಂಗ್ಲಿಷಿನಲ್ಲಿ ಟೈಪಿಸಿದರೆ ಈ ಸಂಖ್ಯೆ ಕಾಣುತ್ತದೆ. ತುಂಗಾ ಫಾಂಟಿನದೂ ಇಂಥದೇ ಕಥೆ: ವಿಂಡೋಸ್ 8ರಲ್ಲಿ ‘ನಿರ್ಮಲಾ ಯುಐ’ ಬಂತು, 10ರಲ್ಲಿ ತುಂಗಾ ಬೇಕಾದವರು ಮಾತ್ರ ಸೇರಿಸಿಕೊಳ್ಳುವ ಪಟ್ಟಿಗೆ ಸರಿಯಿತು. ಅದನ್ನು ಸೇರಿಸಿಕೊಳ್ಳದೆ ಹಳೆಯ ದಸ್ತಾವೇಜು ತೆರೆದರೆ ಬೇರೆ ಫಾಂಟು ಬಂದು ಕೂರುತ್ತದೆ; ಸಾಲು ಮುರಿಯುವ ಜಾಗ ಬದಲಾಗಿ, ಪುಟಸಂಖ್ಯೆ ಜರುಗಿ, ಪರಿವಿಡಿ ಸುಳ್ಳಾಗುತ್ತದೆ.

ವಿಂಡೋಸ್ 11 ಕೇಳುವ ಪಟ್ಟಿ ಹಿಂದಿನ ಎಲ್ಲಕ್ಕಿಂತ ಕಟ್ಟುನಿಟ್ಟು. 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಇಂದು ದೊಡ್ಡದಲ್ಲ. ಸಿಕ್ಕಿಬೀಳುವುದು ಪ್ರಾಸೆಸರ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯ ಹತ್ತಿರ. ಇಂಟೆಲ್‌ನಲ್ಲಿ ಸ್ಥೂಲವಾಗಿ ಎಂಟನೇ ತಲೆಮಾರು, ಎಎಂಡಿಯಲ್ಲಿ ರೈಜನ್ 2000 ಸರಣಿ, ಅಲ್ಲಿಂದ ಮುಂದಿನವಕ್ಕೆ ಮಾತ್ರ ಒಪ್ಪಿಗೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಯಂತ್ರ ಕೊಳ್ಳುವವರು ‘ಐ5’, ‘ಐ7’ ಎಂಬ ಸ್ಟಿಕ್ಕರ್ ನೋಡಿ ತೃಪ್ತರಾಗಬಾರದು. ಐ7-7700ಕ್ಕೆ ಪ್ರವೇಶವಿಲ್ಲ, ಅದಕ್ಕಿಂತ ಕೆಳದರ್ಜೆಯ ಐ3-8100ಕ್ಕೆ ಇದೆ. ಟಿಪಿಎಂ ಇಲ್ಲವೆಂದು ಪರೀಕ್ಷೆ ಹೇಳಿದರೂ ಕೂಡಲೇ ಕೈಬಿಡಬೇಕಿಲ್ಲ. ಅನೇಕ ಬೋರ್ಡುಗಳಲ್ಲಿ ಅದು ಇದ್ದೂ ಬಂದ್ ಆಗಿರುತ್ತದೆ. ಬಯೋಸಿನಲ್ಲಿ ಇಂಟೆಲ್ ‘ಪಿಟಿಟಿ’ ಅಥವಾ ಎಎಂಡಿ ‘ಎಫ್‌ಟಿಪಿಎಂ’ ಆನ್ ಮಾಡಿದರೆ ಉತ್ತರ ಬದಲಾಗಬಹುದು.

ಈ ಪರೀಕ್ಷೆಗಳೆಲ್ಲ ಮುಗಿದರೂ ಪುಟ ಕಟ್ಟುವವರ ಪರೀಕ್ಷೆ ಬಾಕಿ. ಹಳೆಯ ಫಾಂಟುಗಳ ಪ್ರತಿ ಇಟ್ಟುಕೊಂಡು, ಮುಗಿದ ಪುಸ್ತಕಗಳನ್ನು ಫಾಂಟುಸಹಿತ ಪಿಡಿಎಫ್ ಮಾಡಿಕೊಳ್ಳುವುದು ಮೊದಲ ಕೆಲಸ. ಪಠ್ಯವನ್ನು ಯೂನಿಕೋಡಿಗೆ ತಿರುಗಿಸಲು ‘ಸಂಚಯ’ ಬಳಗದವರಂಥ ಕನ್ನಡಿಗರು ಉಚಿತ ಪರಿವರ್ತಕಗಳನ್ನು ಕೊಟ್ಟಿದ್ದಾರೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ, ಅಂಕಿಗಳನ್ನು ಕಣ್ಣಿಟ್ಟು ನೋಡಬೇಕು. ಪ್ರೂಫ್ ನೋಡುವವರಿಗೆ ಇಲ್ಲಿ ಬದಲಿಯಿಲ್ಲ. ಪೇಜ್‌ಮೇಕರ್ ಬಿಡಲಾಗದವರು ಹೊಸ ಯಂತ್ರದೊಳಗೆ ವರ್ಚುವಲ್‌ಬಾಕ್ಸ್‌ನಂಥ ತಂತ್ರಾಂಶದಲ್ಲಿ ಎಕ್ಸ್‌ಪಿ ಓಡಿಸಬಹುದು, ಇಂಟರ್ನೆಟ್ಟಿನ ಸಂಪರ್ಕ ಕೊಡದೆ. ಪ್ಯಾರಲಲ್ ಪೋರ್ಟಿನ ಲಾಕ್ ಬೇಡುವ ತಂತ್ರಾಂಶಕ್ಕೆ ಈ ದಾರಿಯೂ ಕಷ್ಟ. ಯುಎಸ್‌ಬಿ ಪರಿವರ್ತಕ ಕೇಬಲ್ಲಿನಲ್ಲಿ ಅಂಥ ಲಾಕ್ ಸಾಮಾನ್ಯವಾಗಿ ಗುರುತಾಗದು. ಅಂಥ ಲಾಕ್ ಇರುವ ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಅದರೊಳಗಿನ ಪುಸ್ತಕಗಳನ್ನು ಹೊರತೆಗೆಯಲೇಬೇಕು. ವಿಂಡೋಸ್ 10ರಲ್ಲೇ ಉಳಿದವರು ನೋಂದಾಯಿಸಿಕೊಂಡರೆ ಮನೆಬಳಕೆಯ ಯಂತ್ರಗಳಿಗೆ ಭದ್ರತಾ ತಿದ್ದುಪಡಿಗಳು 2026ರ ಅಕ್ಟೋಬರ್ 13ರವರೆಗೆ ಸಿಗುತ್ತವೆ ಎಂದು ಮೈಕ್ರೋಸಾಫ್ಟ್ ಪ್ರಕಟಿಸಿತ್ತು.